ಮಳೆಗಾಲದ ವೆಜ್, ಬೇಸಿಗೆಯ ವೆಜ್: ಬೈಲಹೊಂಗಲ–ರಾಮದುರ್ಗ ಸೀಮೆಯ ನೆಲ ಮತ್ತು ಗಾಲ್ಫ್ ಚೀಲದ ಆಯ್ಕೆ

ಗಾಲ್ಫ್ ನಿಯಮದಂತೆ ಒಂದು ಸುತ್ತಿನ ಆಟಕ್ಕೆ 14 ಕ್ಲಬ್‌ಗಳಿಗಿಂತ ಹೆಚ್ಚು ಒಯ್ಯುವಂತಿಲ್ಲ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1938ರಲ್ಲಿ ಈ ಮಿತಿ ತಂದಿತು. ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಮರುವರ್ಷ ಅದನ್ನೇ ಅನುಸರಿಸಿತು. ಡ್ರೈವರ್, ಒಂದೆರಡು ವುಡ್, ಐರನ್‌ಗಳು, ಪಟರ್ ಇವನ್ನೆಲ್ಲ ಇಟ್ಟ ಮೇಲೆ, ಹತ್ತಿರದ ಹೊಡೆತಗಳಿಗೆ ಬಳಸುವ ವೆಜ್ ಕ್ಲಬ್‌ಗಳಿಗೆ ಉಳಿಯುವುದು ಮೂರು, ಬಹಳವೆಂದರೆ ನಾಲ್ಕು ಜಾಗ. ಆ ಜಾಗಗಳನ್ನು ಹೇಗೆ ತುಂಬಬೇಕೆಂದು ಕೇಳಿದರೆ ಅಂಗಡಿಯವರೂ ತರಬೇತುದಾರರೂ ಕೊಡುವ ಉತ್ತರ ಲಾಫ್ಟಿನ ಲೆಕ್ಕದ್ದು: ಕ್ಲಬ್ಬಿನ ಮುಖದ ಓರೆಯನ್ನು ಸಮ ಅಂತರದಲ್ಲಿ ಹಂಚಿಕೊಳ್ಳಿ, ಚೆಂಡು ಬೀಳುವ ದೂರಗಳ ನಡುವೆ ಸಂದು ಉಳಿಯದಂತೆ ನೋಡಿಕೊಳ್ಳಿ. ಈ ಉತ್ತರ ತಪ್ಪಲ್ಲ, ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಿಂದ ಬೆಳಗಾವಿಯ ಮೈದಾನಕ್ಕೆ ಹೋಗಿ ಆಡುವವರಿಗೆ ಇದು ಅರ್ಧ ಉತ್ತರ ಮಾತ್ರ. ಅವರು ಲಾಫ್ಟನ್ನು ಒಮ್ಮೆ ಗೊತ್ತುಮಾಡಿ ಬಿಡಬಹುದು. ಋತುವಿಗೆ ತಕ್ಕಂತೆ ಬದಲಾಗಬೇಕಾದದ್ದು ಬೌನ್ಸ್, ಅಂದರೆ ಕ್ಲಬ್ಬಿನ ತಳದ ಕೋನ. ಇದು ಈ ಲೇಖನದ ವಾದ.

ಮೊದಲು ಲಾಫ್ಟಿನ ಲೆಕ್ಕ. ಒಂದು ಕಾಲಕ್ಕೆ 48ರಿಂದ 50 ಡಿಗ್ರಿ ಇರುತ್ತಿದ್ದ ಪಿಚಿಂಗ್ ವೆಜ್ ಇಂದು ಅನೇಕ ಸೆಟ್‌ಗಳಲ್ಲಿ 44 ಡಿಗ್ರಿ, ಕೆಲವುಗಳಲ್ಲಿ ಅದಕ್ಕಿಂತಲೂ ಕಡಿಮೆ. ಐರನ್ ದೂರ ಹೊಡೆಯುತ್ತದೆಂದು ತೋರಿಸಲು ತಯಾರಕರು ಲಾಫ್ಟನ್ನು ಇಳಿಸುತ್ತ ಬಂದದ್ದರ ಫಲ ಇದು. ಸ್ಯಾಂಡ್ ವೆಜ್ ಮಾತ್ರ 54–56ರ ಆಸುಪಾಸಿನಲ್ಲೇ ಉಳಿಯಿತು. ಹೀಗೆ ಇವೆರಡರ ನಡುವೆ 12 ಡಿಗ್ರಿಯ ಕಂದರ ಬಿದ್ದು, ಅದನ್ನು ಮುಚ್ಚಲು 50 ಡಿಗ್ರಿ ಸುಮಾರಿನ ಗ್ಯಾಪ್ ವೆಜ್ ಬೇಕಾಯಿತು. ನಾಲ್ಕರಿಂದ ಆರು ಡಿಗ್ರಿ ಅಂತರಕ್ಕೆ ಹತ್ತರಿಂದ ಹದಿನೈದು ಗಜದ ವ್ಯತ್ಯಾಸ ಎಂಬುದು ಒರಟು ಲೆಕ್ಕ. ಪಿಚಿಂಗ್ ವೆಜ್‌ನಿಂದ 110 ಗಜ ಹೊಡೆಯುವವರಿಗೆ 50 ಡಿಗ್ರಿಯದು 95ರ ಹತ್ತಿರಕ್ಕೆ, 56 ಡಿಗ್ರಿಯದು 80ರ ಹತ್ತಿರಕ್ಕೆ ಒಯ್ಯುತ್ತದೆ. ಇದನ್ನು ಯಾರಾದರೂ ಒಂದು ಬೆಳಿಗ್ಗೆ ಮೈದಾನದಲ್ಲಿ ಅಳೆದು ಬರೆದಿಟ್ಟುಕೊಳ್ಳಬಹುದು. ಒಮ್ಮೆ ಬರೆದಿಟ್ಟರೆ ಅದು ವರ್ಷಗಟ್ಟಲೆ ಹೆಚ್ಚು ಬದಲಾಗುವುದಿಲ್ಲ.

ಬೌನ್ಸ್ ಹಾಗಲ್ಲ. ಅದರ ಮಹತ್ವ ತಿಳಿಯಲು ಸ್ಯಾಂಡ್ ವೆಜ್ ಹುಟ್ಟಿದ ಬಗೆಯನ್ನು ನೋಡಬೇಕು. 1930ರ ಸುಮಾರಿಗೆ ಮರಳುಗುಳಿಯಿಂದ ಚೆಂಡೆತ್ತಲು ಬಳಸುತ್ತಿದ್ದ ನಿಬ್ಲಿಕ್‌ನ ಅಂಚು ಚೂಪಾಗಿತ್ತು. ಮರಳಿಗೆ ಬಿದ್ದೊಡನೆ ಕೆಳಗಿಳಿದು ಹೂತು ನಿಲ್ಲುತ್ತಿತ್ತು. ಮುಖವನ್ನು ಚಮಚದಂತೆ ಒಳಬಾಗಿಸಿದ ಒಂದು ಮಾದರಿ ಬಂತಾದರೂ 1931ರಲ್ಲಿ ಅದನ್ನು ನಿಷೇಧಿಸಿದರು. ಜೀನ್ ಸರಾಜೆನ್ ಹಿಡಿದದ್ದು ಬೇರೆ ದಾರಿ. ವಿಮಾನ ಮೇಲೇಳುವಾಗ ಬಾಲದ ಭಾಗ ಕೆಳಗಿಳಿಯುವುದನ್ನು ಗಮನಿಸಿ, ನಿಬ್ಲಿಕ್‌ನ ತಳಕ್ಕೆ ಬೆಸುಗೆಯ ಲೋಹ ಸೇರಿಸಿ, ಮುಂದಿನ ಅಂಚಿಗಿಂತ ಹಿಂಭಾಗ ಕೆಳಗೆ ಬರುವಂತೆ ಅವರು ಮಾಡಿದರು. ಆಗ ಕ್ಲಬ್ ಮರಳನ್ನು ಅಗೆಯುವ ಬದಲು ಅದರೊಳಗೆ ಜಾರಿಕೊಂಡು ಹೊರಬಂತು. 1932ರಲ್ಲಿ ಪ್ರಿನ್ಸಸ್ ಮೈದಾನದಲ್ಲಿ ನಡೆದ ಬ್ರಿಟಿಷ್ ಓಪನ್ ಗೆದ್ದಾಗ ಅದೇ ಕ್ಲಬ್ ಅವರ ಚೀಲದಲ್ಲಿತ್ತು. ಸ್ಯಾಂಡ್ ವೆಜ್ ಮೊದಲಿನಿಂದಲೂ ತಳದ ಶೋಧನೆ. ಲಾಫ್ಟಿನ ಹೆಸರಿನಲ್ಲಿ ಅದನ್ನು ಕೊಳ್ಳುವ ಪದ್ಧತಿ ಆಮೇಲೆ ಬಂದದ್ದು.

ಇಂದಿನ ವೆಜ್ ಒಂದನ್ನು ಕೈಗೆತ್ತಿಕೊಂಡು ನೋಡಿದರೆ ಈ ಮಾತು ಅದರ ಮೇಲೆಯೇ ಕೊರೆದಿರುತ್ತದೆ. ವೋಕಿ ಎಂಬ ಹೆಸರಿನ ಮಾದರಿಯದಾದರೆ 56.10 ಎಂದು, ಪಕ್ಕದಲ್ಲೊಂದು ಅಕ್ಷರ. 56 ಲಾಫ್ಟ್, 10 ಬೌನ್ಸ್, ಅಕ್ಷರ ತಳವನ್ನು ಸಾಣೆ ಹಿಡಿದ ಬಗೆ. ಕ್ಲಬ್ಬನ್ನು ಮೇಜಿನ ಮೇಲೆ ದಂಡ ನೆಟ್ಟಗೆ ಇರುವಂತೆ ನಿಲ್ಲಿಸಿ ಪಕ್ಕದಿಂದ ಕಣ್ಣು ಹಾಯಿಸಿದರೆ, ಮುಂದಿನ ಅಂಚು ಮೇಜಿನಿಂದ ಕೂದಲೆಳೆಯಷ್ಟು ಮೇಲೆ ನಿಂತಿರುತ್ತದೆ. ಮೇಜನ್ನು ಮುಟ್ಟುವುದು ತಳದ ಹಿಂಭಾಗ. ಆ ಇಳಿಜಾರಿನ ಕೋನವೇ ಬೌನ್ಸ್. 4ರಿಂದ 6 ಡಿಗ್ರಿಯಾದರೆ ಕಡಿಮೆ, 7ರಿಂದ 10 ಮಧ್ಯಮ, ಅದಕ್ಕಿಂತ ಮೇಲೆ ಹೆಚ್ಚು ಎಂದು ರೂಢಿ. ಈಗ ಕೈಗಳನ್ನು ಮುಂದಕ್ಕೆ ತಂದು ದಂಡವನ್ನು 6 ಡಿಗ್ರಿ ವಾಲಿಸಿ. ಲಾಫ್ಟ್ 50ಕ್ಕೆ ಇಳಿಯಿತು, ಬೌನ್ಸ್ 4ಕ್ಕೆ. ಮುಖವನ್ನು ತೆರೆದು ಹಿಡಿದರೆ ಎರಡೂ ಏರುತ್ತವೆ. ಕೊರೆದ ಅಂಕಿ ಆಟಗಾರರ ಕೈಯಲ್ಲಿ ಹೀಗೆ ಬದಲಾಗುತ್ತಿರುತ್ತದೆ. ಆದ್ದರಿಂದ ಚೆಂಡನ್ನು ಕಡಿದಾಗಿ ಹೊಡೆದು ದೊಡ್ಡ ಹೆಂಟೆ ಕೀಳುವವರಿಗೆ ಹೆಚ್ಚಿನ ಬೌನ್ಸ್, ಹುಲ್ಲನ್ನು ಸವರಿಕೊಂಡು ಹೋಗುವವರಿಗೆ ಕಡಿಮೆ ಬೌನ್ಸ್ ಹೊಂದುತ್ತದೆ ಎಂಬ ಸಲಹೆಗೆ ಆಧಾರವಿದೆ. ಆದರೆ ಆ ಸಲಹೆ ಆಟಗಾರರನ್ನು ಮಾತ್ರ ನೋಡಿ ಕೊಟ್ಟದ್ದು. ಅವರ ಕಾಲಡಿಯ ನೆಲವನ್ನು ನೋಡಿದ್ದಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಕರ್ನಾಟಕದ ಹತ್ತು ಕೃಷಿ-ಹವಾಮಾನ ವಲಯಗಳ ಪೈಕಿ ಬೈಲಹೊಂಗಲ ಉತ್ತರದ ಸಂಕ್ರಮಣ ವಲಯಕ್ಕೆ ಸೇರಿದರೆ, ಸವದತ್ತಿ ಮತ್ತು ರಾಮದುರ್ಗ ಉತ್ತರದ ಒಣ ವಲಯಕ್ಕೆ ಸೇರುತ್ತವೆ. ಹಿಂದೆ ಬೈಲಹೊಂಗಲ ತಾಲ್ಲೂಕಿನಲ್ಲೇ ಇದ್ದ ಕಿತ್ತೂರು ಪಶ್ಚಿಮಕ್ಕೆ ಮಲೆನಾಡಿನ ಸೆರಗಿಗೆ ಹತ್ತಿದೆ. ಅಲ್ಲಿ ಕೆಂಪು ಮಣ್ಣು, ಭತ್ತದ ಗದ್ದೆ ಎರಡೂ ಸಿಗುತ್ತವೆ. ಬೈಲಹೊಂಗಲದ ಸುತ್ತ ಹತ್ತಿ, ಜೋಳ, ಕಡಲೆ, ಸೋಯಾ ಬೆಳೆಯುವ ಎರಿ ಭೂಮಿ. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆ ಗುಡ್ಡ ಸೀಳಿಕೊಂಡು ಹರಿಯುವ ಕಡೆ, ರಾಮದುರ್ಗದ ಗುಡ್ಡಗಳ ಬುಡದಲ್ಲಿ, ಮರಳುಗಲ್ಲು ಸವೆದು ಉದುರಿದ ತೆಳು ಮಣ್ಣು. ಎರಿ ಭೂಮಿಯ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಆಗಸ್ಟ್‌ನಲ್ಲಿ ಕಾಲಿಗೆ ಕೆಜಿಗಟ್ಟಲೆ ಅಂಟಿಕೊಳ್ಳುವ ಅದೇ ಮಣ್ಣು ಏಪ್ರಿಲ್‌ನಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟು, ಬಿರುಕುಗಳ ನಡುವೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಒಂದೇ ಹೊಲ ವರ್ಷದಲ್ಲಿ ಎರಡು ಬೇರೆ ನೆಲಗಳಾಗುತ್ತದೆ.

ಇದನ್ನು ಇಲ್ಲಿನ ರೈತರಿಗೆ ಯಾರೂ ಕಲಿಸಬೇಕಿಲ್ಲ. ಹೊಲ ಹರಗುವಾಗ ಕುಂಟಿಯ ಕುಡ ಯಾವ ಓರೆಯಲ್ಲಿ ಮಣ್ಣಿಗೆ ತಾಗಬೇಕೆಂಬುದನ್ನು ಅವರು ಹದ ನೋಡಿ ಗೊತ್ತುಮಾಡುತ್ತಾರೆ. ನೆಲ ಬಿರುಸಿದ್ದರೆ ಕುಡ ಕಚ್ಚುವಂತೆ ಕಟ್ಟು ಬದಲಿಸಿ ಮೇಲೆ ಭಾರ ಹೇರುತ್ತಾರೆ. ಹಸಿಯಿದ್ದರೆ ಕುಡ ಆಳಕ್ಕಿಳಿದು ಎತ್ತುಗಳನ್ನು ನಿಲ್ಲಿಸದಂತೆ ನೋಡಿಕೊಳ್ಳುತ್ತಾರೆ. ಬಿತ್ತನೆಯ ಮೊದಲಿಗೆ ಒಂದು ಕುಂಟಿ, ಸಾಲಿನ ನಡುವೆ ಎಡೆ ಹೊಡೆಯಲು ಇನ್ನೊಂದು. ಲೋಹದ ಅಲಗು ನೆಲದೊಳಗೆ ಇಳಿಯಬೇಕೋ ಅದರ ಮೇಲೆ ಜಾರಬೇಕೋ ಎಂಬುದು ವೆಜ್‌ನ ಪ್ರಶ್ನೆಯೂ ಹೌದು, ಕುಂಟಿಯ ಪ್ರಶ್ನೆಯೂ ಹೌದು. ಉತ್ತರ ಹುಡುಕುವ ಕ್ರಮದಲ್ಲಿ ಮಾತ್ರ ವ್ಯತ್ಯಾಸ: ರೈತ ಮಣ್ಣಿನಿಂದ ಆರಂಭಿಸುತ್ತಾನೆ, ಗಾಲ್ಫ್ ಅಂಗಡಿ ದೂರದಿಂದ ಆರಂಭಿಸುತ್ತದೆ. ಈ ವಿಷಯದಲ್ಲಿ ರೈತನ ಕ್ರಮವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಳಗಾವಿಯ ಮೈದಾನಕ್ಕೆ ಬಂದರೆ ನೆಲ ಮತ್ತೆ ಬದಲಾಗುತ್ತದೆ. ರಾಮದುರ್ಗಕ್ಕಿಂತ ಇಲ್ಲಿ ಮಳೆ ದುಪ್ಪಟ್ಟಿಗೂ ಹೆಚ್ಚು, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಕೆಂಪು ಮಣ್ಣು ನೀರನ್ನು ಬೇಗ ಬಿಟ್ಟುಕೊಡುತ್ತದಾದರೂ ಬಿಡದ ಮಳೆಯಲ್ಲಿ ಅದೂ ಮೆದುವಾಗಿ, ಕ್ಲಬ್ಬಿನ ಅಂಚಿಗೆ ಸುಲಭವಾಗಿ ದಾರಿ ಕೊಡುತ್ತದೆ. ಆಗ 6 ಡಿಗ್ರಿ ಬೌನ್ಸಿನ ವೆಜ್ ಚೆಂಡಿನ ಹಿಂದೆ ಹೂತು ಹೋಗುತ್ತದೆ. ಚೆಂಡು ನಾಲ್ಕು ಮಾರು ಹೋಗಿ ನಿಲ್ಲುತ್ತದೆ. 12 ಡಿಗ್ರಿಯದಾದರೆ ಸ್ವಲ್ಪ ಹಿಂದೆ ತಾಗಿದರೂ ತಳ ಮಣ್ಣನ್ನು ಒತ್ತಿ ಮೇಲಕ್ಕೆ ಜಾರಿ ಕೆಲಸ ಮುಗಿಸುತ್ತದೆ. ಫೆಬ್ರವರಿ ದಾಟಿದ ಮೇಲೆ ಲೆಕ್ಕ ತಿರುಗುಮುರುಗು. ಹುಲ್ಲು ತೆಳುವಾಗಿ ಗಟ್ಟಿ ನೆಲ ಕಾಣುತ್ತದೆ. ಅದೇ 12 ಡಿಗ್ರಿಯ ತಳ ನೆಲಕ್ಕೆ ಬಡಿದು ಪುಟಿದು, ಅಂಚು ಚೆಂಡಿನ ನಡುವಿಗೆ ತಾಗಿ, ಚೆಂಡು ಗ್ರೀನ್ ದಾಟಿ ಆಚೆಯ ಪೊದೆಗೆ ಓಡುತ್ತದೆ. ಪೊದೆಯೆಂದರೆ ಇಲ್ಲಿ ಸಣ್ಣದಲ್ಲ: 2022ರ ಆಗಸ್ಟ್‌ನಲ್ಲಿ ಚಿರತೆಯೊಂದು ಈ ಮೈದಾನದ ಹಸಿರಿನಲ್ಲಿ ಸೇರಿಕೊಂಡು, ಆನೆಗಳನ್ನು ಕರೆಸಿ ಹುಡುಕಿದರೂ ಸಿಗದೆ, ಸುತ್ತಲಿನ ಶಾಲೆಗಳಿಗೆ ರಜೆ ಕೊಡಬೇಕಾಗಿ ಬಂದಿತ್ತು.

ಹುಲ್ಲಿನ ಬಗೆಗೂ ಎರಡು ಮಾತು. ಬಿಸಿ ನಾಡುಗಳ ಗಾಲ್ಫ್ ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ನಮ್ಮ ಗರಿಕೆಯೇ, ಇಲ್ಲವೆ ಅದರ ಬೆರಕೆ ತಳಿ. ಗಣಪತಿಗೆ ಏರುವ ಈ ಹುಲ್ಲು ಎರಿ ಹೊಲದಲ್ಲಿ ರೈತರಿಗೆ ಎಂಥ ಕಾಟವೆಂದು ಬೈಲಹೊಂಗಲದವರು ಬಲ್ಲರು. ನೆಲದ ಮೇಲೂ ಕೆಳಗೂ ಹಬ್ಬುವ ಅದರ ಕಾಂಡಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. ಚೆಂಡಿನ ದಿಕ್ಕಿಗೆ ಎದುರಾಗಿ ಅದು ವಾಲಿದ್ದಾಗ, ಕಡಿಮೆ ಬೌನ್ಸಿನ ಚೂಪು ಅಂಚು ಆ ಹೆಣಿಗೆಗೆ ಸಿಕ್ಕು ನಿಂತುಬಿಡುತ್ತದೆ. ತಂಪು ದೇಶಗಳ ಸೆಟೆದ ಹುಲ್ಲಿನ ಮೇಲೆ ರೂಪುಗೊಂಡ ಸಲಹೆಗಳನ್ನು ಗರಿಕೆಯ ಮೇಲೆ ಹಾಗೆಯೇ ಅನ್ವಯಿಸಲಾಗದು. ಬೇಸಿಗೆಗೆಂದು ಕಡಿಮೆ ಬೌನ್ಸ್ ಆರಿಸುವವರೂ 4ರವರೆಗೆ ಇಳಿಯದೆ 8ರಲ್ಲಿ ನಿಲ್ಲುವುದು ಲೇಸು ಎನ್ನಲು ಇದೇ ಕಾರಣ.

ಮರಳುಗುಳಿಗಳ ಮಾತು ಇನ್ನೂ ಸರಳ. ಹೊಳೆಯ ನೀರಿನಲ್ಲಿ ಉರುಳಿ ದುಂಡಾದ ಮರಳಿನ ಕಣಗಳು ಒಂದರ ಮೇಲೊಂದು ಜಾರುತ್ತವೆ. ಚೆಂಡು ಅರ್ಧ ಹೂಳುತ್ತದೆ, ಹೆಚ್ಚಿನ ಬೌನ್ಸ್ ಬೇಕಾಗುತ್ತದೆ. ಕಲ್ಲು ಪುಡಿಮಾಡಿ ತೆಗೆದ ಎಂ-ಸ್ಯಾಂಡ್‌ನ ಕಣಗಳಿಗೆ ಮೂಲೆಗಳಿರುವುದರಿಂದ ಅವು ಬಿಗಿದುಕೊಂಡು ನಿಲ್ಲುತ್ತವೆ. ಅಲ್ಲಿ ಅಗಲ ತಳ ಪುಟಿಯುತ್ತದೆ. ಆಡುವ ಮೊದಲು ಗುಳಿಯಲ್ಲಿ ಕಾಲಿಟ್ಟು ತಿಕ್ಕಿ ನೋಡುವ ಹಳೆಯ ಕ್ಯಾಡಿಗಳ ಅಭ್ಯಾಸದಲ್ಲಿ ಈ ಜ್ಞಾನವೆಲ್ಲ ಇದೆ. ಆದರೆ ಸ್ಪರ್ಧೆಯಲ್ಲಿ ನಿಮ್ಮ ಚೆಂಡು ಬಿದ್ದ ಗುಳಿಯಲ್ಲಿ ಮರಳನ್ನು ಪರೀಕ್ಷಿಸುವುದು ನಿಯಮಬಾಹಿರ, ಅಭ್ಯಾಸದ ದಿನವೇ ನೋಡಿಟ್ಟುಕೊಳ್ಳಬೇಕು.

ಎತ್ತರ ಮತ್ತು ಗಾಳಿಯ ಪರಿಣಾಮ ವೆಜ್‌ಗಳ ಮಟ್ಟಿಗೆ ಚಿಕ್ಕದು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲೇ ಚೆಂಡು ಶೇ 3ರಷ್ಟು ಹೆಚ್ಚು ಹೋಗುತ್ತದೆಂದುಕೊಂಡರೂ 90 ಗಜದ ಹೊಡೆತಕ್ಕೆ ಅದು ಮೂರು ಗಜದೊಳಗಿನ ಮಾತು. ಗಾಳಿ ತುಸು ಹೆಚ್ಚು ಕಾಡುತ್ತದೆ. ಸವದತ್ತಿಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುವಷ್ಟು ಗಾಳಿ ಬೀಸುವ ಸೀಮೆ ಇದು; 60 ಡಿಗ್ರಿಯ ಲಾಬ್ ವೆಜ್‌ನಿಂದ ಎತ್ತರಕ್ಕೆಸೆದ ಚೆಂಡು ಜುಲೈನಲ್ಲಿ ಎಲ್ಲಿ ಇಳಿಯುತ್ತದೆಂದು ಹೇಳುವುದು ಕಷ್ಟ.

ಇಷ್ಟು ಸಣ್ಣ ಸಲಕರಣೆಗಳ ಬಗ್ಗೆ ಇಷ್ಟೊಂದು ಚರ್ಚೆ ಬೇಕೆ ಎನ್ನುವವರು ಬೆಂಗಳೂರಿನ ಅದಿತಿ ಅಶೋಕ್ ಅವರ ಆಟವನ್ನು ನೋಡಬೇಕು. ದೂರ ಹೊಡೆಯುವವರ ಸಾಲಿನಲ್ಲಿ ಅವರಿಲ್ಲ. ಆದರೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು 15 ಅಂಡರ್‌ಗೆ ಮುಗಿಸಿ, ಬೆಳ್ಳಿ-ಕಂಚಿಗಾಗಿ ಸೆಣಸಿದ ಇಬ್ಬರಿಗಿಂತ ಒಂದೇ ಹೊಡೆತ ಹಿಂದೆ, ನಾಲ್ಕನೆಯವರಾಗಿ ನಿಂತರು. ದೂರದಲ್ಲಿ ಕಳೆದುಕೊಂಡದ್ದನ್ನು ಅವರು ಗ್ರೀನ್‌ನ ಸುತ್ತಮುತ್ತ ಹಿಂದಕ್ಕೆ ಪಡೆದರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಆರಂಭಿಸಿ 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಅವರನ್ನೂ ಇಲ್ಲಿ ನೆನೆಯಬೇಕು. ಅವರಂಥವರು ಆಟ ಕಲಿತದ್ದು ಬೇರೆಯವರ ಚೀಲ ಹೊತ್ತು, ಪ್ರತಿ ಹೊಡೆತಕ್ಕೂ ನೆಲವನ್ನು ನೋಡುತ್ತ. 1876ರಷ್ಟು ಹಿಂದೆ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಿಂದ, ಚಲ್ಲಘಟ್ಟದ ಕೆರೆಯಂಗಳದಲ್ಲಿ ಎದ್ದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದವರೆಗೆ, ಕ್ಯಾಡಿಗಳ ಈ ನೆಲದ ಅರಿವು ಬರಹಕ್ಕೆ ಇಳಿದದ್ದು ತೀರ ಕಡಿಮೆ. ಅದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸ ಆಗಬೇಕಿದೆ.

ಹಾಗಾದರೆ ಚೀಲದಲ್ಲಿ ಏನಿರಬೇಕು? ಸೆಟ್‌ನೊಂದಿಗೆ ಬಂದ ಪಿಚಿಂಗ್ ವೆಜ್ ಹೇಗೂ ಇರುತ್ತದೆ. ಅದರ ಲಾಫ್ಟ್ ನೋಡಿ ಐದಾರು ಡಿಗ್ರಿ ಮೇಲೆ ಒಂದು ಗ್ಯಾಪ್ ವೆಜ್, ಮಧ್ಯಮ ಬೌನ್ಸಿನದು. ಇದರಿಂದ ಬಹುಪಾಲು ಪೂರ್ಣ ಹೊಡೆತಗಳನ್ನೇ ಹೊಡೆಯುವುದರಿಂದ ಋತುವಿನ ಚಿಂತೆ ಬೇಡ. ಮೂರನೆಯದು 56 ಡಿಗ್ರಿ, ಮತ್ತು ನನ್ನ ಸಲಹೆಯ ತಿರುಳು ಇಲ್ಲಿದೆ: ಲಾಬ್ ವೆಜ್‌ಗೆ ಸುರಿಯುವ ಹಣದಲ್ಲಿ 56 ಡಿಗ್ರಿಯದನ್ನೇ ಇನ್ನೊಂದು ಕೊಳ್ಳಬೇಕು. ಒಂದಕ್ಕೆ 12 ಡಿಗ್ರಿ ಬೌನ್ಸ್, ಇನ್ನೊಂದಕ್ಕೆ 8. ಹದಿನಾಲ್ಕರ ಮಿತಿ ಅನ್ವಯಿಸುವುದು ಒಂದು ಸುತ್ತಿಗೆ. ಮನೆಯಲ್ಲಿ ಎಷ್ಟಿದ್ದರೂ ನಡೆಯುತ್ತದೆ. ಮಿರ್ಗ ಮಳೆ ಹಿಡಿದಾಗ ಒಂದು ಚೀಲ ಸೇರಲಿ, ಸುಗ್ಗಿ ಮುಗಿದು ನೆಲ ಬಿಗಿದಾಗ ಇನ್ನೊಂದು. ಲಾಫ್ಟ್ ಒಂದೇ ಆದ್ದರಿಂದ ಕೈಗೆ ಕೂತ ದೂರಗಳು ಅದಲುಬದಲಾಗುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಲಾಬ್ ವೆಜ್ ಇಲ್ಲದೆ ಎತ್ತರದ ಗುಳಿಯಂಚು ದಾಟಿಸುವುದು ಹೇಗೆ ಎಂಬುದು ಮೊದಲನೆಯದು. 56 ಡಿಗ್ರಿಯ ಮುಖವನ್ನು ತೆರೆದು ಹಿಡಿಯುವುದೇ ಇದಕ್ಕೆ ದಾರಿ. ಸರಾಜೆನ್ ಕಾಲದಿಂದ 1980ರ ದಶಕದಲ್ಲಿ 60 ಡಿಗ್ರಿಯ ವೆಜ್ ಬಳಕೆಗೆ ಬರುವವರೆಗೆ ವೃತ್ತಿಪರರೂ ಹಾಗೆಯೇ ಆಡಿದರು. ವಾರಕ್ಕೊಮ್ಮೆ ಆಡಲು 50 ಕಿಲೋಮೀಟರ್ ಬರುವವರಿಗೆ 60 ಡಿಗ್ರಿಯ ವೆಜ್ ಪಳಗುವುದೂ ಕಷ್ಟ. ಎರಡನೆಯದು ಹಣದ್ದು. ಹೆಸರಾಂತ ತಯಾರಕರ ಹೊಸ ವೆಜ್ ಒಂದಕ್ಕೆ ಹತ್ತು ಸಾವಿರ ರೂಪಾಯಿಗೂ ಮೇಲೆ. ಈ ಆಕ್ಷೇಪ ನ್ಯಾಯವಾದದ್ದು. ಒಂದನ್ನೇ ಕೊಳ್ಳಲು ಸಾಧ್ಯವಾದರೆ 10 ಡಿಗ್ರಿಯ ಬೌನ್ಸ್ ಆರಿಸಿ, ಬೇಸಿಗೆಯಲ್ಲಿ ಕೈಗಳನ್ನು ಎರಡು ಡಿಗ್ರಿಯಷ್ಟು ಮುಂದಿಡುವುದನ್ನು ಕಲಿಯಬೇಕು. ಬಳಸಿದ ವೆಜ್ ಕೊಳ್ಳುವವರು ಮುಖದ ಗೀರುಗಳಿಗಿಂತ ಮೊದಲು ತಳವನ್ನು ಪರೀಕ್ಷಿಸಬೇಕು: ಕಲ್ಲು ನೆಲದಲ್ಲಿ ವರ್ಷಗಟ್ಟಲೆ ಆಡಿದ ಕ್ಲಬ್ಬಿನ ತಳ ಸವೆದು ಚಪ್ಪಟೆಯಾಗಿರುತ್ತದೆ, ಅದರ ಮೇಲೆ ಕೊರೆದ ಬೌನ್ಸಿನ ಅಂಕಿ ಆಗ ನಂಬುವಂಥದ್ದಲ್ಲ.