ಟ್ರೇಲರ್‌ನಲ್ಲಿ ನಾದ: ಚೆಂಡೆಯ ಕೇಳಿಯಿಂದ ದೈವದ ಕೂಗಿನವರೆಗೆ

ಚಲನಚಿತ್ರವು ತೆರೆ ಕಾಣುವ ಮುನ್ನ ಅದರ ತುಣುಕುಗಳನ್ನು ಜೋಡಿಸಿ ಎರಡು-ಮೂರು ನಿಮಿಷಗಳಲ್ಲಿ ತೋರಿಸುವ ಪ್ರಚಾರ ಚಿತ್ರಿಕೆಯೇ ಟ್ರೇಲರ್. ಕಥೆಯನ್ನು ಬಿಟ್ಟುಕೊಡದೆ ಕುತೂಹಲವನ್ನು ಕೆರಳಿಸುವ ಹೊಣೆ ಇದರಲ್ಲಿ ಕಣ್ಣಿಗಿಂತ ಹೆಚ್ಚಾಗಿ ಕಿವಿಯ ಪಾಲಿಗೆ ಬರುತ್ತದೆ. ಮೆಲ್ಲನೆ ಹಬ್ಬುವ ಮಂದ್ರ ನಾದ, ಬರಬರುತ್ತ ಬಿಗಿಯಾಗುವ ಬಡಿತ, ಥಟ್ಟನೆ ಮೌನ, ಬಳಿಕ ಒಂದೇ ಒಂದು ಮಾತು ಅಥವಾ ಪೆಟ್ಟು - ಸಾಮಾನ್ಯ ಕ್ರಮ ಇಷ್ಟೇ. ಇವುಗಳಲ್ಲಿ ಮೌನವೇ ಬಲಶಾಲಿ. 1979ರ 'ಏಲಿಯನ್' ಚಿತ್ರದ ಟ್ರೇಲರ್‌ನಲ್ಲಿ ಸಂಭಾಷಣೆಯೇ ಇರಲಿಲ್ಲ. ಅಮೆರಿಕದಲ್ಲಿ ಸಾವಿರಾರು ಟ್ರೇಲರ್‌ಗಳಿಗೆ ಕಂಠದಾನ ಮಾಡಿದ ಡಾನ್ ಲಾಫಾಂಟೇನ್ 2008ರಲ್ಲಿ ನಿಧನರಾದರು. 2010ರ 'ಇನ್‌ಸೆಪ್ಷನ್' ನಂತರ ಕಹಳೆಯಂಥ ಘೋರ ನಾದವು ಎಲ್ಲೆಡೆ ಅನುಕರಣೆಗೊಂಡಿತು.

ಕಾಣಿಸುವ ಮೊದಲು ಕೇಳಿಸುವ ಈ ಕ್ರಮ ಮಂಗಳೂರು ಸೀಮೆಗೆ ಹೊಸತಲ್ಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಆಟಕ್ಕೆ ಮುನ್ನ ಚೆಂಡೆ-ಮದ್ದಳೆಗಳಲ್ಲಿ 'ಕೇಳಿ' ಬಾರಿಸುವ ಪದ್ಧತಿಯುಂಟು. ವೇಷ ರಂಗಸ್ಥಳಕ್ಕೆ ಬರುವ ಮೊದಲೇ ಬಯಲಿನಾಚೆಯ ಮನೆಗಳಿಗೆ ಆಟದ ಸುದ್ದಿ ಮುಟ್ಟುತ್ತಿತ್ತು. ಬಣ್ಣದ ವೇಷದ ಪ್ರವೇಶವೂ ಹಾಗೆಯೇ: ತೆರೆಯ ಹಿಂದಿನ ಅಬ್ಬರ ಮೊದಲು, ಮುಖದರ್ಶನ ಆಮೇಲೆ.

ಸದಾನಂದ ಸುವರ್ಣರ 'ಗುಡ್ಡದ ಭೂತ' ಧಾರಾವಾಹಿ ದೂರದರ್ಶನದಲ್ಲಿ ಬಂದಾಗ ಬಿ.ವಿ. ಕಾರಂತರ ಸಂಗೀತದ 'ಡೆನ್ನಾನ ಡೆನ್ನಾನ' ಎಂಬ ಶೀರ್ಷಿಕೆ ಗೀತೆಯೇ ಮನೆಮಂದಿಯಲ್ಲಿ ನಡುಕ ಹುಟ್ಟಿಸುತ್ತಿತ್ತು. ಅನೂಪ್ ಭಂಡಾರಿ 2015ರ 'ರಂಗಿತರಂಗ'ದಲ್ಲಿ ಆ ಗೀತೆಗೆ ಮರುಹುಟ್ಟು ಕೊಟ್ಟರು.

ರಿಷಬ್ ಶೆಟ್ಟಿ ನಿರ್ದೇಶನದ 'ಕಾಂತಾರ' 2022ರ ಸೆಪ್ಟೆಂಬರ್ 30ರಂದು ತೆರೆಕಂಡಿತು. ಕಂಬಳ, ಕಾಡು, ಕೋಲಗಳ ಅದರ ಟ್ರೇಲರ್‌ಗೂ ಚಿತ್ರಕ್ಕೂ ಬಿ. ಅಜನೀಶ್ ಲೋಕನಾಥ್ ಅವರ ಸಂಗೀತವೇ ಬೆನ್ನೆಲುಬು. ಆದರೆ ದೈವದ 'ಓ' ಎಂಬ ಕೂಗು ಸಂಗೀತ ನಿರ್ದೇಶಕನ ಉಪಕರಣವಲ್ಲ. ಕೋಲದಲ್ಲಿ ತೆಂಬರೆಯ ಪಾಡ್ದನ, ತಾಸೆ-ಡೋಲು, ನಾಗಸ್ವರಗಳೊಡನೆ ರಾತ್ರಿಯ ದೀರ್ಘ ನಿರೀಕ್ಷೆಯ ನಂತರ ಅದು ಹೊಮ್ಮುತ್ತದೆ; ಕೇಳಿದವರು ಕೈಮುಗಿಯುತ್ತಾರೆ. ಎರಡು ಕ್ಷಣಕ್ಕೆ ಕತ್ತರಿಸಿದಾಗ ಬೆಚ್ಚಿಬೀಳುವಿಕೆ ಉಳಿಯುತ್ತದೆ, ಕೈಮುಗಿಯುವಿಕೆ ಉಳಿಯುವುದಿಲ್ಲ. ಪ್ರೇಕ್ಷಕರು ಚಿತ್ರಮಂದಿರದ ಒಳಗೂ ಹೊರಗೂ ಅದನ್ನೇ ಕೂಗತೊಡಗಿದಾಗ, ಇದು ನಂಬಿಕೆಯ ವಿಷಯ, ಅನುಕರಿಸಬೇಡಿ ಎಂದು ಸ್ವತಃ ರಿಷಬ್ ಶೆಟ್ಟಿಯವರೇ ವಿನಂತಿಸಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ 'ಕಾಂತಾರ ಅಧ್ಯಾಯ 1' ಬಿಡುಗಡೆಯಾದಾಗ ಕೆಲವರು ದೈವದ ವೇಷದಲ್ಲೇ ಚಿತ್ರಮಂದಿರಗಳಿಗೆ ಬಂದರು. ಹೊಂಬಾಳೆ ಫಿಲ್ಮ್ಸ್ ಅದೇ ವಿನಂತಿಯನ್ನು ಲಿಖಿತವಾಗಿ ಪುನರುಚ್ಚರಿಸಿತು.