ನಂಬಿಕೆಯ ಮೊದಲ ಕೊಂಡಿ

ಕಂಪ್ಯೂಟರನ್ನು ಚಾಲೂ ಮಾಡುವುದಕ್ಕೆ ‘ಬೂಟ್’ ಎನ್ನುವುದು ಈಗ ಎಲ್ಲರ ಬಾಯಲ್ಲೂ ರೂಢಿಯಾದ ಮಾತು. ಅದು ಕಾಲಿನ ಬೂಟಿನಿಂದಲೇ ಬಂದದ್ದು. ತೊಟ್ಟ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆತ್ತಿ ನೆಲದಿಂದ ಮೇಲೇಳುವುದು, ಅಂದರೆ ಆಗದ ಕೆಲಸವನ್ನು ಆಗಿಸುವುದು, ಎಂಬ ಇಂಗ್ಲಿಷ್ ನುಡಿಗಟ್ಟು ಅದರ ಮೂಲ. ಕಂಪ್ಯೂಟರಿನ ಪಾಡೂ ಹೆಚ್ಚುಕಡಿಮೆ ಅದೇ. ಮೆಮೊರಿಗೆ ಪ್ರೋಗ್ರಾಂ ತುಂಬಲು ಇನ್ನೊಂದು ಪ್ರೋಗ್ರಾಂ ಬೇಕು. ಆ ಇನ್ನೊಂದನ್ನು ತುಂಬುವವರು ಯಾರು? 1950ರ ದಶಕದ ಐಬಿಎಂ 701 ಯಂತ್ರದಲ್ಲಿ ಇದಕ್ಕಾಗಿಯೇ ಒಂದು ಗುಂಡಿ ಇತ್ತು. ಅದನ್ನು ಒತ್ತಿದರೆ ತೂತು ಕೊರೆದ ಕಾರ್ಡಿನಿಂದ ಮೊದಲ ಆಜ್ಞೆಗಳು ಒಳಗೆ ಬರುತ್ತಿದ್ದವು, ಅವು ಉಳಿದವನ್ನು ಎಳೆದು ತರುತ್ತಿದ್ದವು. ಆ ಮೊದಲ ಕಾರ್ಡನ್ನು ಬರೆದವರು ಯಾರೆಂದು ಯಂತ್ರ ಕೇಳುತ್ತಿರಲಿಲ್ಲ. ಅಷ್ಟು ದೊಡ್ಡ ಯಂತ್ರವಿದ್ದ ಕೋಣೆಗೆ ಬೇರೆಯವರು ಬರುವಂತೆಯೇ ಇರಲಿಲ್ಲ.

1981ರಲ್ಲಿ ಐಬಿಎಂ ಪರ್ಸನಲ್ ಕಂಪ್ಯೂಟರ್ ಬಂದಾಗಲೂ ಈ ಮುಗ್ಧತೆ ಹಾಗೆಯೇ ಉಳಿಯಿತು. ಅದರ ಬಯಾಸ್ ಮೊದಲು ತನ್ನ ಅಂಗಾಂಗಗಳನ್ನು ಪರೀಕ್ಷಿಸಿಕೊಂಡು, ಎಲ್ಲ ಸರಿಯಿದ್ದರೆ ಒಮ್ಮೆ ಚುಟುಕಾಗಿ ‘ಬೀಪ್’ ಎನ್ನುತ್ತಿತ್ತು. ಆಮೇಲೆ ಫ್ಲಾಪಿಯ ಮೊದಲ 512 ಬೈಟುಗಳನ್ನು ಓದಿ ಅಧಿಕಾರವನ್ನು ಅವಕ್ಕೆ ಒಪ್ಪಿಸಿಬಿಡುತ್ತಿತ್ತು. ಹಾರ್ಡ್ ಡಿಸ್ಕ್ ಬಂದ ಮೇಲೆ ಆ 512ರ ಕೊನೆಯ ಎರಡು ಬೈಟುಗಳಲ್ಲಿ ಗೊತ್ತಾದ ಗುರುತೊಂದು ಇದೆಯೇ ಎಂದು ನೋಡುವ ಪದ್ಧತಿ ಬಂತು. ಆದರೆ ಅದು ಗುರುತೇ ಹೊರತು ಸಹಿಯಲ್ಲ. ಯಾರು ಬೇಕಾದರೂ ಹಾಕಬಹುದಿತ್ತು.

ಹಾಕಿದವರೂ ಇದ್ದರು. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಎಂಬ ಸೋದರರು ಬರೆದ ‘ಬ್ರೇನ್’ ವೈರಸ್ ಫ್ಲಾಪಿಯ ಮೊದಲ ಜಾಗದಲ್ಲಿ ತಾನು ಕೂತು, ಅಲ್ಲಿದ್ದದ್ದನ್ನು ಬೇರೆಡೆಗೆ ಸರಿಸಿತು. ಅವರು ವೈರಸ್ಸಿನ ಒಳಗೆ ತಮ್ಮ ಅಂಗಡಿಯ ವಿಳಾಸ, ಫೋನ್ ನಂಬರುಗಳನ್ನೂ ಬರೆದಿದ್ದರು! ಹದಿಮೂರು ವರ್ಷಗಳ ನಂತರ ಇಂಥ ತಮಾಷೆ ಉಳಿಯಲಿಲ್ಲ. ತೈವಾನಿನ ವಿದ್ಯಾರ್ಥಿಯೊಬ್ಬ 1998ರಲ್ಲಿ ಬರೆದ ಸಿಐಎಚ್ ವೈರಸ್ 1999ರ ಏಪ್ರಿಲ್ 26ರಂದು ಎಚ್ಚೆತ್ತು, ಡಿಸ್ಕನ್ನು ಕೆಡಿಸಿದ್ದಲ್ಲದೆ ಎಷ್ಟೋ ಯಂತ್ರಗಳ ಬಯಾಸನ್ನೇ ಅಳಿಸಿಹಾಕಿತು. ಆ ವೇಳೆಗೆ ಬಯಾಸ್ ತಿದ್ದಲು ಬರುವ ಫ್ಲ್ಯಾಶ್ ಚಿಪ್ಪಿಗೆ ಬಂದಿತ್ತು. ತಿದ್ದಲು ಬಂದದ್ದು ಅಳಿಸಲೂ ಬಂತು. ಅಂಥ ಯಂತ್ರದಲ್ಲಿ ಫ್ಯಾನ್ ತಿರುಗುತ್ತಿತ್ತು, ತೆರೆ ಕಪ್ಪಾಗಿಯೇ ಇರುತ್ತಿತ್ತು.

ಇದಕ್ಕೊಂದು ಉಪಾಯವನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅರ್ಬಾ, ಫಾರ್ಬರ್ ಮತ್ತು ಸ್ಮಿತ್ 1997ರಲ್ಲೇ ಮುಂದಿಟ್ಟಿದ್ದರು. ಪ್ರತಿಯೊಂದು ಹಂತವೂ ಮುಂದಿನ ಹಂತದ ಸಹಿಯನ್ನು ತಾಳೆ ನೋಡಿ, ಸರಿಯಿದ್ದರೆ ಮಾತ್ರ ಅಧಿಕಾರ ಬಿಟ್ಟುಕೊಡಬೇಕು. ಇಲ್ಲಿ ಸಹಿ ಎಂದರೆ ಗಣಿತದ ಸಹಿ; ಪ್ರೋಗ್ರಾಮಿನ ಒಂದೇ ಒಂದು ಅಕ್ಷರ ಬದಲಾದರೂ ತಾಳೆಯಾಗದು. ಹೀಗೆ ಕೊಂಡಿಗೆ ಕೊಂಡಿ ಸೇರಿ ಸರಪಳಿಯಾಗುತ್ತದೆ. ಆದರೆ ಮೊದಲ ಕೊಂಡಿಯನ್ನು ಪರೀಕ್ಷಿಸುವವರಿಲ್ಲ. ಅದನ್ನು ನಂಬಲೇಬೇಕು, ನಂಬಲೇಬೇಕಾದದ್ದನ್ನು ಯಾರ ಕೈಗೂ ಎಟುಕದ ಕಡೆ ಇಡಬೇಕು.

2011ರ ಯುಇಎಫ್‌ಐ ನಿಯಮಾವಳಿಯ ‘ಸೆಕ್ಯೂರ್ ಬೂಟ್’ 2012ರ ವಿಂಡೋಸ್ 8ರ ಜೊತೆಗೆ ಮನೆಮನೆಗೆ ಬಂತು. ಅದರ ಹಿಂದೆಯೇ, 2013ರಲ್ಲಿ, ಇಂಟೆಲ್‌ನ ‘ಬೂಟ್ ಗಾರ್ಡ್’ ಮೊದಲ ಕೊಂಡಿಯನ್ನು ಚಿಪ್ಪಿನೊಳಕ್ಕೇ ಇಳಿಸಿತು. ತಯಾರಕರ ಬೀಗದ ಕೈಯ ಮುದ್ರೆಯನ್ನು ಚಿಪ್ಪಿನ ಅತಿಸೂಕ್ಷ್ಮ ಫ್ಯೂಸುಗಳಲ್ಲಿ ಸುಟ್ಟು ಬರೆಯುತ್ತಾರೆ. ಮನೆಯ ಫ್ಯೂಸ್ ಹೋದರೆ ತಂತಿ ಹಾಕಬಹುದು, ಇದಕ್ಕೆ ಹಾಗಿಲ್ಲ. ಒಮ್ಮೆ ಸುಟ್ಟದ್ದು ಆ ಚಿಪ್ಪಿನ ಆಯುಷ್ಯದ ಕೊನೆಯವರೆಗೆ. ಸಹಿ ತಾಳೆಯಾಗದಿದ್ದರೆ ಏನು ಮಾಡಬೇಕೆಂಬುದನ್ನೂ ತಯಾರಕರೇ ಗೊತ್ತುಮಾಡಿರುತ್ತಾರೆ.

ಇಲ್ಲಿಂದ ರಿಪೇರಿಯವರ ಕಷ್ಟ ಶುರುವಾಯಿತು. ಹಳೆಯ ಯಂತ್ರ ಕೆಟ್ಟು ನಿಲ್ಲುತ್ತಿತ್ತು. ಹೊಸದು ಒಪ್ಪದೆಯೂ ನಿಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಕೊಂಡಿಯಲ್ಲಿ ನಿಂತಿತು ಎಂಬುದು. ತಯಾರಕರ ಲಾಂಛನ ಮೂಡಿ, ಆಮೇಲೆ ನಿಂತಿತೆಂದರೆ ಚಿಪ್ಪಿನ ಪರೀಕ್ಷೆ ದಾಟಿದೆ ಎಂದರ್ಥ. ಸೆಟಪ್ಪಿಗೆ ಹೋಗಿ ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆರಿಸಿದಾಗ ಯಂತ್ರ ಎದ್ದರೆ ದೋಷ ಸಹಿಯದು. ಏಳದಿದ್ದರೆ ಡಿಸ್ಕು, ಮೆಮೊರಿಗಳ ಕಡೆ ನೋಡಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ 48 ಅಂಕಿಗಳ ಸಂಖ್ಯೆ ಕೈಯಲ್ಲಿಲ್ಲದೆ ಇದಕ್ಕೆ ಕೈಹಾಕಬಾರದು. ಲಾಂಛನವೇ ಮೂಡದಿದ್ದರೆ, ಮೆಮೊರಿ ಮತ್ತು ವಿದ್ಯುತ್ ಸರಿಯಿದ್ದೂ ತೆರೆ ಕಪ್ಪಾಗಿದ್ದರೆ, ಮೊದಲ ಕೊಂಡಿಯನ್ನೇ ಶಂಕಿಸಬೇಕಾಗುತ್ತದೆ. ಅದನ್ನು ಆರಿಸುವ ಗುಂಡಿ ಯಾವ ಸೆಟಪ್ಪಿನಲ್ಲೂ ಇಲ್ಲ. ಫ್ಲ್ಯಾಶ್ ಚಿಪ್ಪಿಗೆ ಕ್ಲಿಪ್ ಹಾಕಿ, ತಯಾರಕರೇ ಸಹಿ ಮಾಡಿದ ಪ್ರತಿಯನ್ನು ಮತ್ತೆ ಬರೆಯುವುದೊಂದೇ ದಾರಿ.

ಕಾವಲಿನವರೇ ಎಡವಿದ ಉದಾಹರಣೆಗಳೂ ಇವೆ. 2020ರ ಜುಲೈಯಲ್ಲಿ ಗ್ರಬ್ ಎಂಬ ಬೂಟ್ ಪ್ರೋಗ್ರಾಮಿನಲ್ಲಿ ‘ಬೂಟ್‌ಹೋಲ್’ ಎಂಬ ದೋಷ ಬಯಲಾಯಿತು. ಗ್ರಬ್‌ಗೆ ಸಹಿಯಿತ್ತು, ಆದರೆ ಅದು ಓದುತ್ತಿದ್ದ ಸಣ್ಣದೊಂದು ಕಡತಕ್ಕೆ ಸಹಿಯಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯಲು ಅಷ್ಟು ಸಾಕಾಯಿತು. ತೇಪೆ ಹಾಕಲು ಹೊರಟಾಗ ರೆಡ್ ಹ್ಯಾಟ್ ಲಿನಕ್ಸ್ ಇದ್ದ ಅನೇಕ ಸರ್ವರುಗಳು ಗ್ರಬ್‌ನ ಪಟ್ಟಿಯನ್ನೂ ತೋರಿಸದೆ ನಿಂತುಬಿಟ್ಟವು. ಹುಡುಕಿದಾಗ ತಪ್ಪು ಸಿಕ್ಕಿದ್ದು ಗ್ರಬ್‌ಗಿಂತ ಮೊದಲು ಓಡುವ ‘ಶಿಮ್’ ಎಂಬ ಪುಟ್ಟ ಪ್ರೋಗ್ರಾಮಿನಲ್ಲಿ. 2024ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಕಳಿಸಿದ ನಿಷೇಧಪಟ್ಟಿಯೊಂದು, ವಿಂಡೋಸ್ ಪಕ್ಕದಲ್ಲಿ ಲಿನಕ್ಸನ್ನೂ ಇಟ್ಟುಕೊಂಡಿದ್ದ ಎಷ್ಟೋ ಮಂದಿಗೆ ತಮ್ಮದೇ ಲಿನಕ್ಸಿನ ಬಾಗಿಲು ಮುಚ್ಚಿತು.

ಹಾಗಾದರೆ ಈ ಕಾವಲು ಬೇಡವೇ? ಬೇಕು. ಬಯಾಸಿನೊಳಗೆ ಕಳ್ಳ ಹೊಕ್ಕರೆ ಅದರ ಮೇಲಿನ ಯಾವ ಪಹರೆಯೂ ಅವನನ್ನು ಕಾಣಲಾರದು ಎಂಬುದನ್ನು ಈ ಚರಿತ್ರೆಯೇ ಹೇಳುತ್ತದೆ. ಆದರೆ ಕೊಂಡವರ ಹಕ್ಕಿನ ಮಾತು ಉಳಿದೇ ಇದೆ. ಬಹುತೇಕ ಕಂಪ್ಯೂಟರುಗಳ ಸೆಕ್ಯೂರ್ ಬೂಟಿನಲ್ಲಿ ಯಜಮಾನ ತನ್ನದೇ ಬೀಗದ ಕೈಯನ್ನು ಸೇರಿಸಿಕೊಳ್ಳಬಹುದು. ಫ್ಯೂಸಿನಲ್ಲಿ ಸುಟ್ಟ ಮುದ್ರೆಯ ಪಕ್ಕದಲ್ಲಿ ಅವನ ಮುದ್ರೆಗೆ ಜಾಗವಿಲ್ಲ. ತಯಾರಕರು ಆ ಮಾದರಿಗೆ ಪ್ರತಿ ಕೊಡುವುದನ್ನು ನಿಲ್ಲಿಸಿದ ದಿನ, ಒಳಗಿನ ಒಂದು ಬಿಡಿಭಾಗವೂ ಕೆಡದಿದ್ದರೂ ಯಂತ್ರ ಗುಜರಿಗೆ ಹೋಗಬಹುದು. ಕಡೆಯ ಪಕ್ಷ ನಿಲ್ಲುವ ಯಂತ್ರ ಏಕೆ ನಿಂತೆನೆಂದು ಹೇಳಬೇಕು. ಕೆಲವು ಮದರ್‌ಬೋರ್ಡುಗಳಲ್ಲಿ ಎರಡಂಕಿಯ ಪುಟ್ಟ ಸೂಚಕವೊಂದು ಇರುತ್ತದೆ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಅದೂ ಇಲ್ಲ. 1981ರ ಆ ‘ಬೀಪ್’ನಷ್ಟಾದರೂ ಮಾತನ್ನು ಅವುಗಳಿಂದ ಕೇಳುವುದು ದೊಡ್ಡ ಆಸೆಯೇನಲ್ಲ.