ಒಂಟೆಯ ಕೊರಳಿನ ಬಿಲ್ಲಿನ ಹೆದೆ

ಅಜ್ಞಾನ ಕಾಲದ ಅರಬನಿಗೆ ಒಂಟೆಯು ಕೇವಲ ವಾಹನವಾಗಿರಲಿಲ್ಲ. ಹಾಲು, ಮಾಂಸ, ಚರ್ಮ ಎಲ್ಲವೂ ಅದರಿಂದಲೇ. ಕೊಲೆಯಾದವನ ರಕ್ತಪರಿಹಾರವನ್ನೂ ಒಂಟೆಗಳಲ್ಲೇ ಎಣಿಸುತ್ತಿದ್ದರು. ಅದು 100 ಒಂಟೆಗಳು. ಇಂತಹ ಸಂಪತ್ತು ರೋಗ ತಗಲಿ ಕಣ್ಣೆದುರೇ ಕರಗಿಹೋದಾಗ, ಮಾಲೀಕನ ಮನಸ್ಸು ಯಾರದೋ ಅಸೂಯೆಯ ಕಣ್ಣನ್ನು, ಯಾವುದೋ ಮಾಟವನ್ನು ಶಂಕಿಸುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಆದುದರಿಂದ ಬಿಲ್ಲಿನ ಹೆದೆ ಸವೆದಾಗ ಅದನ್ನು ಎಸೆಯದೆ ಒಂಟೆಯ ಕೊರಳಿಗೆ ಕಟ್ಟುತ್ತಿದ್ದರು. ಇದಕ್ಕಿಂತ ಕ್ರೂರವಾದ ರೂಢಿಯೂ ಇತ್ತು. ಹಿಂಡು ಸಾವಿರ ಮುಟ್ಟಿದರೆ, ದೃಷ್ಟಿ ತಾಗದಿರಲೆಂದು ಗಂಡೊಂಟೆಯ ಒಂದು ಕಣ್ಣನ್ನು ಕೀಳುತ್ತಿದ್ದರು. ಸಾವಿರ ಮೀರಿದರೆ ಇನ್ನೊಂದನ್ನೂ! ಹಿಂಡಿನ ಕ್ಷೇಮಕ್ಕಾಗಿ ಅದರ ಅತ್ಯುತ್ತಮ ಪ್ರಾಣಿಯನ್ನೇ ಕುರುಡಾಗಿಸುವುದು ಎಂತಹ ರಕ್ಷಣೆಯೋ!

ಒಂದು ಪ್ರಯಾಣದಲ್ಲಿ ಜನರು ರಾತ್ರಿ ತಂಗಿದ್ದ ಸ್ಥಳಕ್ಕೆ ಪ್ರವಾದಿ(ಸ)ಯವರು ದೂತನೊಬ್ಬನನ್ನು ಕಳುಹಿಸಿದರು. ಯಾವ ಒಂಟೆಯ ಕೊರಳಲ್ಲೂ ಹೆದೆಯ ಸರವನ್ನು ಕತ್ತರಿಸದೆ ಉಳಿಸಬಾರದು ಎಂಬುದು ಆಜ್ಞೆ. ಅಬೂ ಬಶೀರ್ ಅನ್ಸಾರಿ(ರ) ವರದಿ ಮಾಡಿದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಆಜ್ಞೆಯ ಕಾರಣವನ್ನು ಹದೀಸ್ ಹೇಳುವುದಿಲ್ಲ. ಇದು ದೃಷ್ಟಿಗೆ ಸಂಬಂಧಿಸಿದ್ದೆಂದು ತಮಗೆ ತೋರುತ್ತದೆ ಎಂದಷ್ಟೇ ಇಮಾಮ್ ಮಾಲಿಕ್ ಮುವತ್ತಾದಲ್ಲಿ ಹೇಳುತ್ತಾರೆ. ಓಡುವಾಗ ಹೆದೆ ಬಿಗಿದು ಪ್ರಾಣಿ ಉಸಿರುಗಟ್ಟಬಾರದೆಂದು ಕೆಲವರು, ಅದಕ್ಕೆ ಗಂಟೆ ಕಟ್ಟುತ್ತಿದ್ದರೆಂದು ಇನ್ನು ಕೆಲವರು ವಿವರಿಸಿದರು. ಮಾಲಿಕ್‌ರ ಅಭಿಪ್ರಾಯವೇ ನನಗೆ ಹೆಚ್ಚು ಸಮಂಜಸವೆನಿಸುತ್ತದೆ. ಉಸಿರುಗಟ್ಟುವುದೇ ಕಾರಣವಾಗಿದ್ದರೆ ಸಡಿಲಗೊಳಿಸಿದರೂ ಸಾಕಿತ್ತು.

ದೃಷ್ಟಿ ಸತ್ಯವೆಂಬುದನ್ನು ಇಸ್ಲಾಮ್ ನಿರಾಕರಿಸಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅದೇ ಮುವತ್ತಾದಲ್ಲಿ ಸಹ್ಲ್ ಬಿನ್ ಹುನೈಫ್(ರ)ರ ಪ್ರಸಂಗವಿದೆ. ಅವರು ಸ್ನಾನ ಮಾಡುತ್ತಿದ್ದಾಗ ಆಮಿರ್ ಬಿನ್ ರಬೀಅ(ರ) ಅವರ ಮೈಬಣ್ಣವನ್ನು ಹೊಗಳಿದರು. ಸಹ್ಲ್ ಅಲ್ಲಿಯೇ ಅಸ್ವಸ್ಥರಾದರು. ನೋಡಿದವನು ಬರಕತ್ತಿಗಾಗಿ ಏಕೆ ಪ್ರಾರ್ಥಿಸಲಿಲ್ಲ ಎಂದು ಪ್ರವಾದಿ(ಸ) ಆಮಿರ್‌ರನ್ನು ಕೇಳಿದರು. ಹೊಣೆಯು ನೋಡುವವನ ನಾಲಿಗೆಯ ಮೇಲೆ ಬಿತ್ತು, ಪ್ರಾಣಿಯ ಕೊರಳಿನ ಮೇಲಲ್ಲ. ಎಮ್ಮೆ ಹಾಲು ಬತ್ತಿಸಿದೊಡನೆ ಪಶುವೈದ್ಯರಿಗಿಂತ ಮೊದಲು ಕಪ್ಪು ದಾರವನ್ನು ಹುಡುಕುವ ನಮ್ಮ ಮನೆಗಳಿಗೂ ಇದು ಹೊಸ ವಿಷಯವೇನಲ್ಲ.

ಹಾಗೆಂದು ಕೊರಳಿನ ಸರವೆಲ್ಲ ನಿಷಿದ್ಧವಾಗಲಿಲ್ಲ. ಮಕ್ಕಾಕ್ಕೆ ಕಳುಹಿಸುವ ಬಲಿಪ್ರಾಣಿಗಳಿಗೆ ಗುರುತಿನ ಸರವನ್ನು ಪ್ರವಾದಿ(ಸ)ಯವರೇ ತೊಡಿಸುತ್ತಿದ್ದರು. ಆ ಸರಗಳನ್ನು ತಮ್ಮಲ್ಲಿದ್ದ ಉಣ್ಣೆಯಿಂದ ತಮ್ಮ ಕೈಯಾರೆ ಹೊಸೆದುದಾಗಿ ಹಝ್ರತ್ ಆಯಿಷಾ(ರ) ಹೇಳಿದ್ದಾರೆ.